ಶಿವರಾತ್ರಿಗೇ 38 ಡಿಗ್ರಿ! ಫೆಬ್ರವರಿಯಲ್ಲಿ ಕರಾವಳಿಗೆ ಈ ಉರಿ ಎಲ್ಲಿಂದ ಬಂತು?

ಅಘನಾಶಿನಿ_ತೀರ · 25 ಫೆಬ್ರವರಿ 2025, ರಾತ್ರಿ 8:40

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತೆ ಅಂತಾರೆ. ಈ ಸಲ ನಮ್ಮ ಕಡೆ ಅದಕ್ಕೆ ಶಿವ ಅನ್ನೋಕೂ ಪುರುಸೊತ್ತು ಸಿಗಲಿಲ್ಲ. ಹಬ್ಬ ನಾಳೆ. ಇವತ್ತು ಮಧ್ಯಾಹ್ನ 1:50ಕ್ಕೆ ನಮ್ಮನೆ ಉತ್ತರದ ಜಗುಲಿಯಲ್ಲಿ ನೇತುಹಾಕಿರೋ ಥರ್ಮಾಮೀಟರ್ 38.4 ತೋರಿಸ್ತು. ಕುಮಟಾ ತಾಲೂಕು, ಸಮುದ್ರ ಇಲ್ಲಿಂದ ಮೂರು ಕಿಲೋಮೀಟರ್ ಕೂಡ ಇಲ್ಲ. ಹನ್ನೊಂದು ವರ್ಷದಿಂದ ನೋಟ್‌ಬುಕ್‌ನಲ್ಲಿ ಬರೆದಿಡ್ತಾ ಬಂದಿದ್ದೇನೆ, ಫೆಬ್ರವರಿ ಹಾಳೆಯಲ್ಲಿ ಇಷ್ಟು ದೊಡ್ಡ ಅಂಕಿ ಇದೇ ಮೊದಲು. ಹವಾಮಾನ ಇಲಾಖೆಯವರೂ ಕೊಂಕಣ, ಗೋವಾ, ಕರಾವಳಿ ಕರ್ನಾಟಕಕ್ಕೆ ಬಿಸಿಗಾಳಿ ಎಚ್ಚರಿಕೆ ಕೊಟ್ಟಿದ್ದಾರೆ.

ವಿಚಿತ್ರ ಏನು ಅಂದ್ರೆ, ಬೆಳಿಗ್ಗೆ ಆರೂವರೆಗೆ 20.5 ಇತ್ತು. ಹೊದಿಕೆ ಬೇಕಿತ್ತು. ಒಂಬತ್ತಕ್ಕೆ 29, ಹನ್ನೊಂದಕ್ಕೆ 35. ಮೈ ಬೆವರೇ ಇಲ್ಲ, ತುಟಿ ಮಾತ್ರ ಒಡೀತಿದೆ. ಒಗೆದು ಹಾಕಿದ ಪಂಚೆ ಮುಕ್ಕಾಲು ಗಂಟೆಯಲ್ಲಿ ಹಪ್ಪಳ. ನಮ್ಮ ಅತ್ತೆ ಅಂಗಳಕ್ಕೆ ಬಂದು ಒಮ್ಮೆ ಮುಖ ಎತ್ತಿ ನೋಡಿ, "ಮೂಡುಗಾಳಿ ಬಿದ್ದದೆ, ಇನ್ನೆರಡು ದಿನ ಹಿಂಗೇ" ಅಂದು ಒಳಗೆ ಹೋದರು. ಮೂಡುಗಾಳಿ ಅಂದ್ರೆ ಪೂರ್ವದಿಂದ ಬೀಸೋ ಗಾಳಿ.

2:40ಕ್ಕೆ ತೆಂಗಿನ ಗರಿ ಒಮ್ಮೆಲೇ ಆ ಕಡೆ ವಾಲ್ತು. ಸಮುದ್ರದ ಗಾಳಿ ಬಂತು. ಹತ್ತೇ ನಿಮಿಷದಲ್ಲಿ 34ಕ್ಕೆ ಇಳೀತು, ಆದ್ರೆ ಸೆಕೆ ಶುರುವಾಗಿದ್ದೇ ಆಗ. ನಾಲ್ಕು ಡಿಗ್ರಿ ಕಮ್ಮಿಯಾದ ಮೇಲೆ ಮೈ ಅಂಟಂಟು!

ಊರಲ್ಲಿ ಒಬ್ಬೊಬ್ಬರದು ಒಂದೊಂದು ಕಾರಣ. ಹೆದ್ದಾರಿ ಅಗಲ ಮಾಡೋಕೆ ಮರ ಕಡಿದದ್ದು, ಕಾಂಕ್ರೀಟ್, ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ಮಾಮೂಲಿಗಿಂತ ಕಾಯೋದು), ಜಾಗತಿಕ ತಾಪಮಾನ. ತಿಳಿದವರು ಬಿಡಿಸಿ ಹೇಳ್ತೀರಾ?

ಘಟ್ಟದ_ಮೇಲಿನವ · 25 ಫೆಬ್ರವರಿ, 9:05

ಶಿರಸಿಯಿಂದ. ನಮ್ಮಲ್ಲಿ ಇವತ್ತು 33. ಬಿಸಿಲು ಚುರುಕು ಅಷ್ಟೆ, ನೆರಳಿಗೆ ಬಂದ್ರೆ ಹಾಯ್ ಅನ್ಸುತ್ತೆ. ನನ್ನ ಪ್ರಶ್ನೆ ಬೇರೆ. ಘಟ್ಟದ ಮೇಲೆ 33 ಇರೋ ಗಾಳಿನೇ ನಿಮ್ಮಲ್ಲಿಗೆ ಬರ್ತಿರೋದು ಅಂದ್ಮೇಲೆ ನಿಮಗೆ ತಂಪಾಗಬೇಕಿತ್ತಲ್ಲ? 38 ಹೇಗಾಯ್ತು?

ಬೆಂದಕಾಳು_ಬೆಂಗಳೂರು · 25 ಫೆಬ್ರವರಿ, 9:22

ಕಾರಲ್ಲಿ ಮಂಗಳೂರಿಂದ ಉಡುಪಿಗೆ ಹೋಗ್ತಿದ್ದೆ, ಡ್ಯಾಶ್‌ಬೋರ್ಡ್ 43 ತೋರಿಸ್ತು. ಇಲಾಖೆಯವರು ಕಮ್ಮಿ ಹೇಳ್ತಿದ್ದಾರೆ ಅನ್ಸುತ್ತೆ.

ಗಾಳಿಪಟ_77 · 25 ಫೆಬ್ರವರಿ, 10:10

ಹವಾ ವೀಕ್ಷಣೆ ಕೆಲಸದಲ್ಲಿ ಮೂವತ್ತು ವರ್ಷ ಕಳೆದು ಈಗ ಮನೆಯಲ್ಲಿ ಕೂತವನು ನಾನು. ಒಂದೊಂದಾಗಿ ಬರ್ತೀನಿ.

ಮೊದಲು ಬೆಂಗಳೂರಿನವರಿಗೆ: ಕಾರಿನ ಸೆನ್ಸರ್ ಬಂಪರ್ ಹತ್ತಿರ ಇರುತ್ತೆ. ಅದು ಓದೋದು ಡಾಂಬರಿನ ಮೇಲಿನ ಗಾಳಿ, ಸಿಗ್ನಲ್‌ನಲ್ಲಿ ನಿಂತರೆ ನಿಮ್ಮದೇ ಎಂಜಿನ್ ಶಾಖ. ವೀಕ್ಷಣಾಲಯದ ಥರ್ಮಾಮೀಟರ್ ಬಿಳಿ ಬಣ್ಣದ, ಜಾಲಂಧ್ರ ಗೋಡೆಯ ಮರದ ಪೆಟ್ಟಿಗೆಯೊಳಗೆ, ಎದೆಮಟ್ಟದಲ್ಲಿ, ಹುಲ್ಲುನೆಲದ ಮೇಲೆ ಇರುತ್ತೆ. ಎರಡನ್ನೂ ಹೋಲಿಸಬೇಡಿ. ಅಘನಾಶಿನಿಯವರ ಉತ್ತರದ ಜಗುಲಿ ಕಾರಿಗಿಂತ ಎಷ್ಟೋ ವಾಸಿ, ಆದರೂ ಗೋಡೆಯ ಕಾವು ಒಂದರ್ಧ ಡಿಗ್ರಿ ಸೇರಿರಬಹುದು.

ಇನ್ನು ಶಿರಸಿಯವರ ಪ್ರಶ್ನೆ. ಇಡೀ ವಿಷಯದ ಗಂಟು ಇರೋದೇ ಅಲ್ಲಿ. ಸೈಕಲ್ಲಿಗೆ ಗಾಳಿ ಹೊಡೆದಿದ್ದೀರಲ್ಲ, ಪಂಪಿನ ತಳ ಮುಟ್ಟಿ ನೋಡಿದರೆ ಬಿಸಿ ಇರುತ್ತೆ. ಯಾರೂ ಬೆಂಕಿ ಹಚ್ಚಿಲ್ಲ, ಒತ್ತಿದ್ದಕ್ಕೆ ಕಾದದ್ದು. ಗಾಳಿ ಎತ್ತರದಿಂದ ಕೆಳಗೆ ಬಂದಾಗಲೂ ಸುತ್ತಲ ವಾಯುಭಾರ ಅದನ್ನು ಒತ್ತುತ್ತೆ. ಒಣಗಾಳಿ ಒಂದು ಕಿಲೋಮೀಟರ್ ಕೆಳಗಿಳಿದರೆ ಹತ್ತಿರ ಹತ್ತಿರ 10 ಡಿಗ್ರಿ ಏರುತ್ತೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್. ನೀವೇ ಲೆಕ್ಕ ಹಾಕಿ.

ಘಟ್ಟದ_ಮೇಲಿನವ · 25 ಫೆಬ್ರವರಿ, 10:18

590 ಮೀಟರಿಗೆ ಹೆಚ್ಚುಕಮ್ಮಿ 6. ಮೂವತ್ಮೂರಕ್ಕೆ ಆರು ಸೇರಿಸಿದ್ರೆ 39. ಅಯ್ಯೋ ದೇವರೇ, ನಾವು ಉಸಿರಾಡಿ ಬಿಟ್ಟ ಗಾಳಿನೇ ಅವರಿಗೆ ಉರಿ!

ಗಾಳಿಪಟ_77 · 25 ಫೆಬ್ರವರಿ, 10:31

ಲೆಕ್ಕ ಸರಿ, ಚಿತ್ರ ಪೂರ್ತಿ ಸರಿಯಲ್ಲ. ಗಾಳಿ ಬಸ್ಸಿನ ಹಾಗೆ ದೇವಿಮನೆ ಘಟ್ಟದ ತಿರುವು ತಿರುವು ಇಳಿದುಕೊಂಡು ಕುಮಟಾ ಸ್ಟ್ಯಾಂಡಿಗೆ ಬರೋದಿಲ್ಲ. ರಾತ್ರಿ ಕಣಿವೆಯಲ್ಲಿ ಇಳಿಯೋದು ತಂಪಾದ, ಭಾರವಾದ ಗಾಳಿ. ಬೆಳಿಗ್ಗೆಯ ನಿಮ್ಮ 20.5 ಅದರದ್ದೇ ಫಲ. ಹಗಲಲ್ಲಿ ನಡೆಯೋದು ಬೇರೆ. ಘಟ್ಟದ ಮಟ್ಟದಲ್ಲಿ ಒಣಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಚಾಚಿಕೊಂಡು ಕರಾವಳಿಯ ಮೇಲೆ ಮಾಡಿನ ಹಾಗೆ ನಿಂತಿರುತ್ತೆ. ಬಿಸಿಲಿಗೆ ಕೆಳಗಿನ ನೆಲ ಕಾದು ಗಾಳಿ ಮೇಲೆ ಕೆಳಗೆ ಕಲಸಲು ಶುರುವಾದ ಕೂಡಲೇ ಆ ಮೇಲಿನ ಪದರ ಕೆಳಗೆ ಬಂದು, ಒತ್ತಡಕ್ಕೆ ಸಿಕ್ಕಿ, ಬಿಸಿಯಾಗಿ ಅಂಗಳ ತಲುಪುತ್ತೆ. ಒಂಬತ್ತರಿಂದ ಹನ್ನೊಂದರ ಒಳಗೆ 6 ಡಿಗ್ರಿ ಜಿಗಿದಿದೆ ಅಂದಿರಲ್ಲ, ಆ ಹೊತ್ತಿಗೆ ಈ ಕಲಸುವಿಕೆ ಜೋರಾಗಿತ್ತು ಅಂತ ಅರ್ಥ.

ಎರಡನೇ ಕಾರಣ, ನನ್ನ ಮಟ್ಟಿಗೆ ಇದೇ ದೊಡ್ಡದು: ಸಮುದ್ರದ ಗಾಳಿ ತಡವಾದದ್ದು. ಮಾಮೂಲಿ ದಿನ ಹನ್ನೊಂದು, ಹನ್ನೊಂದೂವರೆಗೆಲ್ಲ ಪಡುಗಾಳಿ ಒಳಗೆ ಬರುತ್ತೆ, ತಾಪ 33ರ ಹತ್ತಿರ ನಿಲ್ಲುತ್ತೆ. ಅದು ನಮ್ಮ ಕರಾವಳಿಯ ಫ್ಯಾನ್ ಇದ್ದ ಹಾಗೆ. ಮೂಡುಗಾಳಿ ಜೋರಿದ್ದ ದಿನ ಸಮುದ್ರದ ಗಾಳಿಗೆ ದಡ ಹತ್ತೋಕೇ ಆಗಲ್ಲ. ಇವತ್ತು 2:40ರ ತನಕ ಫ್ಯಾನ್ ಬಂದ್ ಆಗಿತ್ತು, ಅಷ್ಟೇ.

ತದಡಿ_ದೋಣಿ · 25 ಫೆಬ್ರವರಿ, 11:02

ಹೌದು ಮಾರಾಯ್ರೆ. ಬೆಳಿಗ್ಗೆ ಬಂದರಿನಲ್ಲಿ ದೋಣಿ ಮೇಲಿನ ಬಾವುಟ ಎಲ್ಲಾ ಪಡುವಣ ದಿಕ್ಕಿಗೆ ಬಿಚ್ಚಿ ಹಾರ್ತಿದ್ದವು. ಮಧ್ಯಾಹ್ನ ಊಟ ಮುಗಿಸಿ ಬರೋ ತನಕವೂ ಹಾಗೇ. ಇಂಥ ದಿನ ದಡದ ಹತ್ರ ನೀರು ಚಪ್ಪಟೆ, ಹೊರಗೆ ಹೋದಷ್ಟೂ ಗಾಳಿ ಬೆನ್ನಿಗೆ ತಳ್ಳುತ್ತೆ, ವಾಪಸ್ ಬರುವಾಗ ಡೀಸೆಲ್ ಜಾಸ್ತಿ. ಒಣಮೀನು ಹಾಕಿದೋರಿಗೆ ಲಾಭ, ಎರಡು ದಿನದ್ದು ಒಂದೇ ದಿನದಲ್ಲಿ ಒಣಗ್ತದೆ. ಸಾಣಿಕಟ್ಟೆಯ ಉಪ್ಪಿನಾಗರದವರೂ ಖುಷಿಯಾಗೇ ಇದ್ರು. ಒಣ ಮೂಡುಗಾಳಿ ಬಿದ್ರೆ ಉಪ್ಪು ಬೇಗ ಕಟ್ಟುತ್ತೆ. ಕೆಲಸ ಮಾತ್ರ ಒಂಬತ್ತೂವರೆಗೇ ನಿಲ್ಲಿಸಿದ್ರಂತೆ, ಬಿಳಿ ಉಪ್ಪಿನ ಮೇಲಿನ ಬಿಸಿಲು ಕಣ್ಣು ಬಿಡೋಕೆ ಕೊಡಲ್ಲ.

ಕಲಬುರಗಿ_ಬಿಸಲು · 26 ಫೆಬ್ರವರಿ, ಬೆಳಿಗ್ಗೆ 7:15

ಏನ್ರೀ ಇದು, 38ಕ್ಕ ಇಷ್ಟ್ ದೊಡ್ಡ ಗದ್ದಲಾ! ನಮ್ಮ ಕಡೆ ಮೇ ತಿಂಗಳದಾಗ 42, 43 ಅಂದ್ರ ಯಾರೂ ಪೇಪರ್‌ನ್ಯಾಗ ಹಾಕಂಗಿಲ್ಲ. ಸರಕಾರಿ ಆಫೀಸಿನ ಟೈಮ್ ಮುಂಜಾನೆ 8ರಿಂದ ಮಧ್ಯಾಹ್ನ 1:30ಕ್ಕ ಬದಲಾಗ್ತದ, ಒಂದು ಗ್ಲಾಸ್ ಮಜ್ಜಿಗಿ ಕುಡದು ಮನಿ ಸೇರ್ತೀವಿ. ಕರಾವಳಿ ಮಂದಿ ಭಾಳ ನಾಜೂಕ ಬಿಡ್ರಿ.

ಅಘನಾಶಿನಿ_ತೀರ · 26 ಫೆಬ್ರವರಿ, 8:02

ನಾಜೂಕು ಅಂತಲೇ ಇಟ್ಕೊಳ್ಳಿ ಅಣ್ಣಾ. ನಿಮಗೆ ಏಪ್ರಿಲ್‌ನಲ್ಲಿ ಆಫೀಸ್ ಟೈಮ್ ಬದಲಾಗುತ್ತೆ, ಫೆಬ್ರವರಿಯಲ್ಲಿ ನಮಗೆ ಏನೂ ಬದಲಾಗಲ್ಲ. ಹೋದ ವಾರ ಪಕ್ಕದೂರಿನ ಒಂದು ಶಾಲೆಯಲ್ಲಿ ಕ್ರೀಡಾಕೂಟ, ಹನ್ನೆರಡು ಗಂಟೆಗೆ 800 ಮೀಟರ್ ಓಟ. ಒಬ್ಬಳು ಹುಡುಗಿ ಟ್ರ್ಯಾಕ್ ಮೇಲೇ ಕುಸಿದಳು. ನೀರು ಚಿಮುಕಿಸಿ, ತಲೆ ಮೇಲೆ ಒದ್ದೆ ಟವೆಲ್ ಹಾಕಿ, ಅರ್ಧ ಗಂಟೆ ಬಿಟ್ಟು ಮುಂದಿನ ಸ್ಪರ್ಧೆ ಶುರು ಮಾಡಿದ್ರು. "ಚಳಿಗಾಲ ಅಲ್ವಾ ಮೇಡಂ" ಅಂದ್ರು ನನಗೆ.

ಗಾಳಿಪಟ_77 · 26 ಫೆಬ್ರವರಿ, 9:30

ಆ ಮಾತು ಲೆಕ್ಕಕ್ಕೂ ನಿಜ. ಹವಾಮಾನ ಇಲಾಖೆಯ ಪಂಚಾಂಗದಲ್ಲಿ ಜನವರಿ, ಫೆಬ್ರವರಿ ಚಳಿಗಾಲ. ಬೇಸಿಗೆ ಶುರುವಾಗೋದು ಮಾರ್ಚ್ 1ಕ್ಕೆ.

ಕಲಬುರಗಿಯವರು ಎತ್ತಿದ್ದು ನ್ಯಾಯವಾದ ಪ್ರಶ್ನೆಯೇ. ಬಿಸಿಗಾಳಿ ಅಂತ ಘೋಷಿಸೋಕೆ ಮೈದಾನದಲ್ಲಿ ಕನಿಷ್ಠ 40 ಮುಟ್ಟಬೇಕು, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30. ಅಷ್ಟೇ ಸಾಲದು, ಆ ದಿನದ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಒಂದು ಹವಾಮಾನ ಉಪವಿಭಾಗದಲ್ಲಿ ಎರಡು ವೀಕ್ಷಣಾ ಕೇಂದ್ರಗಳಾದರೂ ಎರಡು ದಿನ ಹೀಗೇ ಇದ್ದರೆ ಎರಡನೇ ದಿನ ಘೋಷಣೆ. ಒಟ್ಟಿನಲ್ಲಿ ಎಷ್ಟು ಬಿಸಿ ಅನ್ನೋದರ ಜೊತೆಗೆ, ಮೈಗೆ ಎಷ್ಟು ರೂಢಿಯಿಲ್ಲದ ಬಿಸಿ ಅಂತಲೂ ನೋಡ್ತಾರೆ. ಕಲಬುರಗಿಯ ಮೈ ಮಾರ್ಚ್‌ನಿಂದ ಮೆಟ್ಟಿಲು ಮೆಟ್ಟಿಲಾಗಿ 42ಕ್ಕೆ ಹತ್ತುತ್ತೆ. ಕುಮಟಾದ ಮೈ ಹೊದಿಕೆಯಿಂದ ಎದ್ದು ಸೀದಾ 38ಕ್ಕೆ ಬಿತ್ತು.

ಕಲಬುರಗಿ_ಬಿಸಲು · 26 ಫೆಬ್ರವರಿ, 9:41

ಇದು ಖರೇ ಅದ ಸರ. ಒಪ್ಪಿದೆ. ಹುಡಿಗಿ ಆರಾಮ ಅದಾಳಲ್ಲ ಅಕ್ಕಾರ?

ಅಘನಾಶಿನಿ_ತೀರ · 26 ಫೆಬ್ರವರಿ, 9:50

ಆರಾಮಿದ್ದಾಳೆ. ಇವತ್ತು ಗೋಕರ್ಣಕ್ಕೆ ಹೋಗೋ ಸಾಲಿನಲ್ಲಿ ನಿಂತಿದ್ದಳು, ಕೈಯಲ್ಲಿ ಕೊಡೆ ಇತ್ತು.

ಲೆಕ್ಕದ_ಮೇಷ್ಟ್ರು · 26 ಫೆಬ್ರವರಿ, 11:20

ನಾನು ಸ್ವಲ್ಪ ಅಡ್ಡ ಮಾತಾಡ್ತೀನಿ, ಬೈಬೇಡಿ. ಟೀವಿಯವರು "ಹಿಂದೆಂದೂ ಕಾಣದ" ಅಂತ ಕೂಗ್ತಿದ್ದಾರೆ. ಮುಂಬೈ ಸಾಂತಾಕ್ರೂಜ್‌ನಲ್ಲಿ ಈ ವಾರ 38.7 ಆಯ್ತು. ಆದ್ರೆ ಅಲ್ಲಿನ ಫೆಬ್ರವರಿ ದಾಖಲೆ 39.6, ಅದು 1966ರದ್ದು! ಬೆಂಗಳೂರಿನ ಫೆಬ್ರವರಿ ದಾಖಲೆ 35.9, ಅದು 2005ರದ್ದು, ಇಪ್ಪತ್ತು ವರ್ಷವಾದ್ರೂ ಮುರಿದಿಲ್ಲ. 1966ರಲ್ಲಿ ಮುಂಬೈಯಲ್ಲಿ ಎಷ್ಟು ಕಾರಿದ್ದವು, ಎಷ್ಟು ಕಾಂಕ್ರೀಟ್ ಇತ್ತು? ಮೂಡುಗಾಳಿಯೇ ಕಾರಣ ಅಂದ್ಮೇಲೆ ಹವಾಮಾನ ಬದಲಾವಣೆಯನ್ನ ಯಾಕೆ ಎಳೆದು ತರ್ತೀರಿ? ಗಾಳಿ ಹಿಂದೆಯೂ ಬೀಸ್ತಿತ್ತು.

ಚಿಕಾಗೋ_ಚಳಿ · 26 ಫೆಬ್ರವರಿ, ರಾತ್ರಿ 8:15

ಮೇಷ್ಟ್ರ ಪ್ರಶ್ನೆಗೆ ಉತ್ತರ ಅಲ್ಲ ಇದು, ನೆನಪಾದದ್ದು. 2012ರ ಮಾರ್ಚ್‌ನಲ್ಲಿ ನಾನು ಇಲ್ಲಿಗೆ ಹೊಸಬ. ಕೋಟು, ಕೈಗವಸು ಎಲ್ಲ ಸಾಲ ಮಾಡಿ ಕೊಂಡಿದ್ದೆ. ಚಿಕಾಗೋದಲ್ಲಿ ಮಾರ್ಚ್ ಮಧ್ಯಕ್ಕೆ ದಿನದ ಮೇಲೆ ದಿನ 27 ಡಿಗ್ರಿ ಸೆಲ್ಸಿಯಸ್, ಜನ ಚಡ್ಡಿಯಲ್ಲಿ ಕೆರೆದಂಡೆಗೆ. ಮಾಮೂಲಿಯಾಗಿ ಆಗ 8, 9 ಡಿಗ್ರಿ ಇರೋ ಹೊತ್ತು. ತುಂಬಾ ಎತ್ತರದಲ್ಲಿ ರಭಸದಿಂದ ಬೀಸೋ ಜೆಟ್ ಗಾಳಿ ಉತ್ತರಕ್ಕೆ ಉಬ್ಬಿ, ಅಲ್ಲೇ ಸಿಕ್ಕಿಹಾಕಿಕೊಂಡು, ದಕ್ಷಿಣದ ಗಾಳಿಯನ್ನ ವಾರಗಟ್ಟಲೆ ಎಳೀತಾ ಇತ್ತು. ಮಜಾ ಅಂತ ಫೋಟೋ ಹಾಕಿದ್ವಿ. ಪಕ್ಕದ ಮಿಶಿಗನ್‌ನಲ್ಲಿ ಚೆರ್ರಿ, ಸೇಬಿನ ಮರಗಳು ಮೋಸಹೋಗಿ ತಿಂಗಳು ಮೊದಲೇ ಹೂ ಬಿಟ್ಟವು. ಏಪ್ರಿಲ್‌ನಲ್ಲಿ ಮತ್ತೆ ಹಿಮ ಬಿತ್ತು. ಆ ವರ್ಷ ಅಲ್ಲಿ ಶೇ. 90ರಷ್ಟು ಚೆರ್ರಿ, ಸೇಬು ಹೋಯ್ತು. ನಿಮ್ಮ ಕಡೆ ಮಾವು, ಗೇರು ಹೇಗಿದೆ?

ಪುತ್ತೂರು_ಗೇರು · 26 ಫೆಬ್ರವರಿ, 9:00

ಗೇರುಹೂ ಕಪ್ಪಾಗಿ ಸುಟ್ಟಹಾಗೆ ಆಗಿದೆ, ಬಿಸಿಲಿಗೇ ಹೋಯ್ತು ಅಂತ ನಮ್ಮ ಪಕ್ಕದ ತೋಟದವರು ಮೊನ್ನೆ ತಲೆ ಮೇಲೆ ಕೈ ಹೊತ್ತು ಕೂತಿದ್ರು. ಹೋಗಿ ನೋಡಿದ್ರೆ ಟೀ ಸೊಳ್ಳೆ, ಚಿಗುರಿನ ರಸ ಹೀರೋ ಕೀಟ. ಎಳೆ ಚಿಗುರಿನ ಮೇಲೆ ಕಂದು ಗಾಯ, ಅಂಟು ಸೋರ್ತಾ ಇತ್ತು. ಎಲ್ಲದಕ್ಕೂ ಬಿಸಿಲನ್ನ ದೂರಿದ್ರೆ ಔಷಧಿ ಹೊಡೆಯೋ ಹೊತ್ತು ಕಳೆದುಹೋಗ್ತದೆ. ಹಾಗಂತ ಬಿಸಿಲು ಸಾಚಾ ಅಂತ ಅಲ್ಲ. ಈಗ ಅರಳಿದ ಹೂವಿನ ಮೇಲೆ ಒಣಗಾಳಿ ಬಿದ್ರೆ ಕಾಯಿ ಕಚ್ಚೋದು ಕಮ್ಮಿಯೇ.

ಘಟ್ಟದ_ಮೇಲಿನವ · 26 ಫೆಬ್ರವರಿ, 9:25

ಅಡಿಕೆಗೆ ಇನ್ನೊಂದು ಮಾತು. ಎಳೆ ಮರದ ಕಾಂಡಕ್ಕೆ ನೈಋತ್ಯದ ಬಿಸಿಲು ಹೊಡೆದು ಹಳದಿ ಬಣ್ಣಕ್ಕೆ ತಿರುಗಿ ಆಮೇಲೆ ಸೀಳು ಬಿಡುತ್ತೆ. ಅದಕ್ಕೇ ಸುಣ್ಣ ಬಳಿಯೋದು, ಹಾಳೆ ಕಟ್ಟೋದು ಎಲ್ಲ ಮಳೆಗಾಲ ಮುಗಿದ ಮೇಲೇ ಮಾಡ್ತೇವೆ. ಈಗ ಸುಣ್ಣದ ಡಬ್ಬ ಹಿಡಿದು ಓಡಿದ್ರೆ ತಡವಾಯ್ತು. ಬುಡಕ್ಕೆ ದರಕು (ಒಣ ಎಲೆ) ಹಾಕಿ, ಸಂಜೆ ನೀರು ಬಿಡಿ. ನಮ್ಮ ತೋಟದಲ್ಲಿ ಮೂರು ಹಿಂಗಾರ ಒಣಗಿದವು ಇವತ್ತಿಗೆ. ಕೆರೆ ನೀರು ಏಪ್ರಿಲ್‌ಗೆ ಇರಬೇಕಾದ ಮಟ್ಟದಲ್ಲಿದೆ.

ಗಾಳಿಪಟ_77 · 26 ಫೆಬ್ರವರಿ, 10:40

ಮೇಷ್ಟ್ರೇ, ನಿಮ್ಮ ಅಂಕಿಗಳು ಸರಿ. ನಾನೂ ಅದನ್ನೇ ಹೇಳ್ತಾ ಬಂದವನು. ಕೊಂಕಣದಿಂದ ಕಣ್ಣೂರಿನ ತನಕದ ಕರಾವಳಿಗೆ ಚಳಿಗಾಲದ ಮೂಡುಗಾಳಿ ಹೊಸದಲ್ಲ. ಡಿಸೆಂಬರ್, ಜನವರಿಯಲ್ಲೂ ದೇಶದ ಅತಿ ಹೆಚ್ಚು ಗರಿಷ್ಠ ತಾಪದ ಪಟ್ಟಿಯಲ್ಲಿ ಹೊನ್ನಾವರ, ಕಾರವಾರ, ಮಂಗಳೂರು ಮೇಲಿಂದ ಮೇಲೆ ಬರ್ತವೆ. ಹೊರಗಿನವರಿಗೆ ಆಶ್ಚರ್ಯ, ನಮಗೆ ಗೊತ್ತಿರೋದೇ. ಮೇ ತಿಂಗಳಲ್ಲಿ ಪಡುಗಾಳಿ ಗಟ್ಟಿಯಾಗಿ ನಿಂತಿರೋದರಿಂದ ಅಂಕಿ ಅಷ್ಟು ಏರಲ್ಲ, ಸೆಕೆ ಏರುತ್ತೆ.

ಈ ವಾರ ಮೂಡುಗಾಳಿ ಇಷ್ಟು ಜೋರಾದದ್ದಕ್ಕೆ ಕಾರಣ ಪರ್ಯಾಯದ್ವೀಪದ ಉತ್ತರ ಭಾಗದ ಮೇಲೆ ಕೂತ ಅಧಿಕ ಒತ್ತಡದ ವಲಯ. ಅದರ ಸುತ್ತ ಗಾಳಿ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತೆ, ಹಾಗಾಗಿ ಅದರ ದಕ್ಷಿಣದ ಅಂಚಿನಲ್ಲಿ ಗಾಳಿ ಪೂರ್ವದಿಂದ ಬೀಸುತ್ತೆ. ವಲಯದ ನಡುವೆ ಗಾಳಿ ಮೇಲಿಂದ ಕೆಳಗೆ ಕುಸಿಯುತ್ತೆ, ಮತ್ತದೇ ಸೈಕಲ್ ಪಂಪು. ಮೋಡ ಕಟ್ಟೋಕೆ ಬಿಡಲ್ಲ, ಬಿಸಿಲು ಪೂರ್ತಿ ನೆಲಕ್ಕೆ. ನೆಲದಲ್ಲಿ ತೇವ ಇದ್ದಿದ್ದರೆ ಬಿಸಿಲಿನ ಒಂದು ಪಾಲು ಅದನ್ನು ಆವಿ ಮಾಡೋಕೆ ಖರ್ಚಾಗ್ತಿತ್ತು. ಒಣನೆಲದಲ್ಲಿ ಆ ಖರ್ಚೂ ಇಲ್ಲ, ಎಲ್ಲ ಕಾವಿಗೇ ಜಮಾ.

ಹಾಗಾದರೆ ಬದಲಾಗಿದ್ದೇನು? ಇಲ್ಲಿ ಎರಡು ಪ್ರಶ್ನೆಗಳು ಕಲಸಿಹೋಗಿವೆ. "ಈ ಮಂಗಳವಾರ ಯಾಕೆ?" ಅನ್ನೋದು ಒಂದು. ಅದಕ್ಕೆ ಉತ್ತರ ಗಾಳಿ. "ಇಂಥ ಮಂಗಳವಾರಗಳು ಯಾಕೆ ಹೆಚ್ಚಾಗ್ತಿವೆ?" ಅನ್ನೋದು ಇನ್ನೊಂದು. ಅದಕ್ಕೆ ಗಾಳಿ ಉತ್ತರ ಅಲ್ಲ. 1901ರಿಂದ 2018ರ ನಡುವೆ ಭಾರತದ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಏರಿದೆ. 0.7 ಅಂದ್ರೆ ಏನು ಮಹಾ ಅನ್ನಿಸುತ್ತೆ.

ನಿಮ್ಮೂರ ಹಳೇ ಮನೆ ನೆನಪು ಮಾಡ್ಕೊಳ್ಳಿ. ಮಾಡಿನ ಅಂಚು ತಗ್ಗು, ಎತ್ತರದ ನೆಂಟರು ಒಬ್ಬಿಬ್ಬರು ಮಾತ್ರ ತಲೆ ಬಡಿಸಿಕೊಳ್ತಿದ್ರು. ಈಗ ಜಗುಲಿಗೆ ಟೈಲ್ಸ್ ಹಾಕಿಸಿ ನೆಲ ನಾಲ್ಕು ಬೆರಳು ಎತ್ತರಿಸಿದಿರಿ. ನೆಂಟರ ಎತ್ತರ ಬದಲಾಗಿಲ್ಲ, ಮಾಡೂ ಅಲ್ಲೇ ಇದೆ. ಆದರೆ ತಲೆ ಬಡಿಸಿಕೊಳ್ಳೋರು ಇಬ್ಬರಿಂದ ಹನ್ನೆರಡು ಜನ ಆಗ್ತಾರೆ. 1966ರ ಮುಂಬೈ ಆ ಎತ್ತರದ ನೆಂಟ. ಈಗ ಮಧ್ಯಮ ಗಾತ್ರದವರಿಗೂ ತಾಗ್ತಿದೆ.

ಲೆಕ್ಕದ_ಮೇಷ್ಟ್ರು · 27 ಫೆಬ್ರವರಿ, 6:50

ಮಾಡಿನ ಉಪಮೆ ಚೆನ್ನಾಗಿದೆ, ತರಗತಿಯಲ್ಲಿ ಹೇಳ್ತೀನಿ. ಅಂಕಿ ಇದ್ರೆ ಇನ್ನೂ ಒಪ್ಪಿಗೆ. ಮತ್ತೆ ಆ ಎಲ್ ನಿನೊ ಕಥೆ? ಅದಿಲ್ಲದ ವರ್ಷ ತಂಪು ಅಂತ ಕೇಳಿದ್ದೆ.

ಗಾಳಿಪಟ_77 · 27 ಫೆಬ್ರವರಿ, 8:10

ಎಲ್ ನಿನೊನ ಈ ಪ್ರಕರಣದಿಂದ ಕೈಬಿಡಿ. ಈ ಚಳಿಗಾಲದಲ್ಲಿ ಪೆಸಿಫಿಕ್‌ನಲ್ಲಿ ಇದ್ದದ್ದು ದುರ್ಬಲವಾದರೂ ಲಾ ನಿನಾ, ಅಂದರೆ ತಂಪಿನ ಕಡೆ. 2022ರ ಮಾರ್ಚ್‌ನಲ್ಲೂ ಲಾ ನಿನಾನೇ. ಆದರೂ ಆ ಮಾರ್ಚ್ ದೇಶದ ಸರಾಸರಿ ಗರಿಷ್ಠ ತಾಪ 33.1 ಡಿಗ್ರಿ ಮುಟ್ಟಿ 1901ರಿಂದೀಚಿನ ಎಲ್ಲ ಮಾರ್ಚ್‌ಗಳನ್ನೂ ಮೀರಿಸ್ತು. ಮಳೆ ಶೇ. 71ರಷ್ಟು ಕೊರತೆ. ಮೆಡಿಟರೇನಿಯನ್ ಕಡೆಯಿಂದ ಬಂದು ಉತ್ತರಕ್ಕೆ ಮಳೆ ತರೋ ಪಶ್ಚಿಮದ ಕ್ಷೋಭೆಗಳು ಆ ಸಲ ಹೆಚ್ಚುಕಮ್ಮಿ ಕೈಕೊಟ್ಟವು. ಪಂಜಾಬ್, ಹರಿಯಾಣದ ಗೋಧಿ ಆಗ ಕಾಳು ತುಂಬೋ ಹೊತ್ತು. ಬಿಸಿಗೆ ಕಾಳು ಬೇಗ ಮಾಗಿ ಸುಕ್ಕಾಯ್ತು. ಮೇ 13ಕ್ಕೆ ಕೇಂದ್ರ ಸರ್ಕಾರ ಗೋಧಿ ರಫ್ತನ್ನೇ ನಿಲ್ಲಿಸ್ತು.

ಮೇಷ್ಟ್ರು ಕೇಳಿದ ಅಂಕಿ ಇಲ್ಲಿದೆ: ಆ 2022ರ ಮಾರ್ಚ್–ಏಪ್ರಿಲ್ ಬಿಸಿಯನ್ನು ವರ್ಲ್ಡ್ ವೆದರ್ ಆಟ್ರಿಬ್ಯೂಶನ್ ಅನ್ನೋ ವಿಜ್ಞಾನಿಗಳ ತಂಡ ಲೆಕ್ಕ ಹಾಕಿ, ಭೂಮಿ ಕಾದಿರುವುದರಿಂದ ಅಂಥ ಘಟನೆಯ ಸಾಧ್ಯತೆ ಸುಮಾರು 30 ಪಟ್ಟು ಹೆಚ್ಚಾಗಿದೆ ಅಂತ ಹೇಳ್ತು. ನೆಲ ಎತ್ತರಿಸಿದ ಜಗುಲಿ. ಆದರೆ ಆ ಲೆಕ್ಕ ಉತ್ತರ ಭಾರತ, ಪಾಕಿಸ್ತಾನದ್ದು. ಅದೇ 30ನ್ನು ಎತ್ತಿ ಕುಮಟಾದ ಮೇಲೆ ಅಂಟಿಸೋಕೆ ನಾನು ಒಪ್ಪಲ್ಲ.

ಬೆಂದಕಾಳು_ಬೆಂಗಳೂರು · 27 ಫೆಬ್ರವರಿ, 9:15

ಹಾಗಾದ್ರೆ ಮರ ಕಡಿದದ್ದು, ಕೆರೆ ಮುಚ್ಚಿದ್ದು ಏನೂ ಅಲ್ವಾ? ನಮ್ಮ ಬೆಂಗಳೂರು ಹಾಳಾಗಿದ್ದೇ ಅದರಿಂದ.

ಗಾಳಿಪಟ_77 · 27 ಫೆಬ್ರವರಿ, 9:38

ಏನೂ ಅಲ್ಲ ಅಂತ ಯಾರಂದ್ರು? ಆದರೆ ಅದರ ಕೈ ಎಲ್ಲಿವರೆಗೆ ಅಂತ ನೋಡಬೇಕು. ಕಾಂಕ್ರೀಟು ಹಗಲಿನ ಶಾಖವನ್ನು ಹೊಟ್ಟೆಗೆ ಹಾಕ್ಕೊಂಡು ರಾತ್ರಿ ಬಿಡುತ್ತೆ. ಹಾಗಾಗಿ ನಗರದ ರಾತ್ರಿ ಹಾಳಾಗೋದು ಹೆಚ್ಚು, ಮಧ್ಯಾಹ್ನದ ಅಂಕಿ ಅಷ್ಟಲ್ಲ. ಮರ ಇದ್ದ ಬೀದಿಯಲ್ಲಿ ನಡೆಯೋನಿಗೆ ಬಿಸಿಲು ತಪ್ಪುತ್ತೆ, ಅದು ಸಣ್ಣ ಮಾತಲ್ಲ. ಆದರೆ ರತ್ನಗಿರಿಯಿಂದ ಮಂಗಳೂರಿನ ತನಕ ಒಂದೇ ದಿನ ತಾಪ ಜಿಗಿದಿದೆ ಅಂದರೆ ಅದಕ್ಕೆ ಕುಮಟಾ ಹೆದ್ದಾರಿಯ ಆಲದ ಮರ ಕಾರಣ ಅಲ್ಲ. ಮರ ಕಡಿದವರನ್ನು ಬೈಯೋಕೆ ಬೇರೆ ನೂರು ಕಾರಣ ಇವೆ, ಅವನ್ನು ಇಟ್ಕೊಳ್ಳಿ.

ಅಘನಾಶಿನಿ_ತೀರ · 27 ಫೆಬ್ರವರಿ, ರಾತ್ರಿ 9:10

ಎಲ್ಲರ ಮಾತು ಓದಿದ ಮೇಲೆ ಹಳೇ ನೋಟ್‌ಬುಕ್ ತೆಗೆದು ಕೂತೆ. ಹನ್ನೊಂದು ವರ್ಷದ ಫೆಬ್ರವರಿಗಳಲ್ಲಿ 36 ದಾಟಿದ ದಿನಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಗೆರೆ ಹಾಕಿದೆ. ಪಕ್ಕದಲ್ಲಿ ನಾನೇ ಬರೆದ ಷರಾ ಓದಿ ನಗು ಬಂತು. "ಹಪ್ಪಳ ಒಣಗಿತು", "ತುಟಿ ಒಡೆದಿದೆ", "ಬೆಳಿಗ್ಗೆ ಚಳಿ", "ಸಂಡಿಗೆ ಇವತ್ತೇ ಆಯ್ತು". ಒಂದು ದಿನಕ್ಕೂ "ಸೆಕೆ" ಅಂತ ಬರೆದಿಲ್ಲ! ಹನ್ನೊಂದು ವರ್ಷ ಕಣ್ಣೆದುರೇ ಇತ್ತು, ಗಾಳಿಯ ದಿಕ್ಕನ್ನೊಂದು ಬರೆದಿಟ್ಟಿರಲಿಲ್ಲ. ಅತ್ತೆಗೆ ಹೇಳಿದೆ. "ನಾ ಹೇಳಿದ್ನಲ್ಲ" ಅಂದ್ರು.

ಮಾವಿನ ಮಿಡಿ ಉದುರಿದ್ದನ್ನ ಬುಟ್ಟಿಗೆ ಹಾಕಿ ತಂದಿದ್ದೇನೆ, ಉಪ್ಪಿಗೆ ಹಾಕೋಕೂ ಸಣ್ಣವು. ಅಪ್ಪೆಯ ಪರಿಮಳ ಮಾತ್ರ ಜೋರಾಗಿದೆ.

ತದಡಿ_ದೋಣಿ · 28 ಫೆಬ್ರವರಿ, ಮಧ್ಯಾಹ್ನ 1:15

ಇವತ್ತು ಬಾವುಟ ಅರ್ಧ ಮನಸ್ಸಲ್ಲಿದೆ. ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಹನ್ನೆರಡೂಕಾಲಿಗೆ ಸಮುದ್ರದ ಗಾಳಿ ಬಂತು.

ಘಟ್ಟದ_ಮೇಲಿನವ · 1 ಮಾರ್ಚ್, 7:30

ಪೇಪರ್ ನೋಡಿದ್ರಾ? ಈ ಫೆಬ್ರವರಿ ದೇಶದ ಸರಾಸರಿ ತಾಪ 22.04 ಡಿಗ್ರಿ, 1901ರಿಂದೀಚೆ ಫೆಬ್ರವರಿಗಳಲ್ಲೇ ಅತಿ ಹೆಚ್ಚು, ವಾಡಿಕೆಗಿಂತ 1.34 ಜಾಸ್ತಿ ಅಂತ ಹವಾಮಾನ ಇಲಾಖೆ ಹೇಳಿದೆ. ಹಗಲಿನ ಗರಿಷ್ಠದ ಲೆಕ್ಕಕ್ಕೆ ಮಾತ್ರ 2023ರ ಫೆಬ್ರವರಿ ಮೊದಲು, ಇದು ಎರಡನೇ ಸ್ಥಾನ.

ಗಾಳಿಪಟ_77 · 1 ಮಾರ್ಚ್, 8:20

ನೋಡಿದೆ. ಹಗಲು ಎರಡನೇ ಸ್ಥಾನದಲ್ಲಿದ್ದೂ ಸರಾಸರಿ ಮೊದಲ ಸ್ಥಾನಕ್ಕೆ ಹೋಗಿದೆ ಅಂದರೆ ಎತ್ತಿದ್ದು ರಾತ್ರಿಗಳು. ದೇಶದಾದ್ಯಂತ ರಾತ್ರಿ ತಣಿಯಲಿಲ್ಲ. ಕಲಬುರಗಿಯವರೇ, ನಿಮ್ಮ ಕಡೆ ರಾತ್ರಿ ಹೇಗಿದೆ?

ಕಲಬುರಗಿ_ಬಿಸಲು · 1 ಮಾರ್ಚ್, 8:44

ಮಾಳಿಗಿ ಮ್ಯಾಲ ಹಾಸಿಗಿ ಹಾಕಲಿಕ್ಕೆ ಶುರು ಮಾಡೀವ್ರಿ. ನಾವು ಹುಡುಗರಿದ್ದಾಗ ಯುಗಾದಿ ಆದ ಮ್ಯಾಲೇ ಮ್ಯಾಲ ಮಲಗತಿದ್ವಿ. ಫೆಬ್ರವರಿದಾಗ ಕೆಳಗ ಕೌದಿ ಹೊತ್ತು ಮಲಗೋ ಮಂದಿ ನಾವು. ಈ ಸಲ ಕೌದಿ ಮಡಚಿ ಪೆಟ್ಟಿಗಿ ಸೇರೇದ. ಹಗಲಿನ ಬಿಸಲಿಗೆ ನಮಗ ಅಂಜಿಕಿಲ್ಲ. ರಾತ್ರಿ ನಿದ್ದಿ ಕೆಟ್ಟರ ಮರುದಿನ ಹೊಲದಾಗ ಕೈ ಏಳಂಗಿಲ್ಲ.

ಲೆಕ್ಕದ_ಮೇಷ್ಟ್ರು · 1 ಮಾರ್ಚ್, 10:05

ಇದು ಮಾತ್ರ ನನ್ನ 1966ಕ್ಕೆ ಸಿಗದ ಉತ್ತರ. ಮೂಡುಗಾಳಿ ಇದ್ದ ದಿನ ರಾತ್ರಿ ತಂಪಾಗಬೇಕು ಅಂತ ಮೇಲೆ ಹೇಳಿದ್ರಿ, ಅಘನಾಶಿನಿಯವರ 20.5 ಅದಕ್ಕೆ ಸಾಕ್ಷಿ. ಹಾಗಿದ್ದೂ ದೇಶದ ರಾತ್ರಿ ಏರಿದೆ ಅಂದ್ರೆ ಅದು ಕರಾವಳಿಯ ಗಾಳಿಯಿಂದ ಅಲ್ಲ. ಸೋತೆ ಅಂತ ಬರ್ಕೊಳ್ಳಿ. ಅರ್ಧ ಸೋತೆ. "ಹಿಂದೆಂದೂ ಕಾಣದ" ಅನ್ನೋ ಟೀವಿಯವರ ಮೇಲಿನ ಸಿಟ್ಟು ಹಾಗೇ ಇದೆ.

ಅಘನಾಶಿನಿ_ತೀರ · 1 ಮಾರ್ಚ್, 10:30

ಅರ್ಧಕ್ಕೆ ಅರ್ಧ ಲೋಟ ಪಾನಕ ಮೇಷ್ಟ್ರೇ, ಈ ಕಡೆ ಬಂದಾಗ ಕೊಡ್ತೀನಿ. ನೋಟ್‌ಬುಕ್‌ನಲ್ಲಿ ಹೊಸ ಕಾಲಂ ಹಾಕಿದ್ದೇನೆ: "ಗರಿ ತಿರುಗಿದ ಹೊತ್ತು". ಶಾಲೆಯವರಿಗೂ ಒಂದು ಚೀಟಿ ಬರೆದು ಕೊಟ್ಟೆ, ಮುಂದಿನ ಸಲ ಓಟ ಬೆಳಿಗ್ಗೆ ಎಂಟಕ್ಕೆ ಇಡಿ ಅಂತ. ತಗೊಂಡು ಮೇಜಿನ ಗಾಜಿನ ಕೆಳಗೆ ಇಟ್ಟಿದ್ದಾರೆ.

ತದಡಿ_ದೋಣಿ · 2 ಮಾರ್ಚ್, ಮಧ್ಯಾಹ್ನ 12:05

ಇವತ್ತು 11:20ಕ್ಕೇ ಬಾವುಟ ತಿರುಗ್ತು.

ಅಘನಾಶಿನಿ_ತೀರ · 2 ಮಾರ್ಚ್, 2:10

ಇಲ್ಲಿ ಗರಿ ತಿರುಗಿದ್ದು 11:35ಕ್ಕೆ. ಗರಿಷ್ಠ 33.6. ಒಗೆದ ಬಟ್ಟೆ ಇನ್ನೂ ಹಸಿ, ಸೆಕೆ ಅಂದ್ರೆ ಸೆಕೆ.